ಹದಿಮೂರು ಭಾನುವಾರದ ಮೊತ್ತ ಆರೂವರೆ

ಸಂಯೋಜಕ ಎಂಬ ಘನಪದವಿ ನನಗೆ ಯಾವ ಅರ್ಹತೆಯಿಂದ ಪ್ರಾಪ್ತವಾಯಿತು ಎಂದು ಯಾರಾದರೂ ಕೇಳಿದರೆ, ಬಹಳ ವರ್ಷ ಶ್ರದ್ಧೆಯಿಂದ ಕುಡಿದು ಆಮೇಲೆ ಬಿಟ್ಟದ್ದರಿಂದ ಎಂದು ಹೇಳಬೇಕಾಗುತ್ತದೆ. ಬೇರೆ ಯಾವ ಹುದ್ದೆಗೂ ಈ ಕ್ರಮದಲ್ಲಿ ಯೋಗ್ಯತೆ ಸಂಪಾದಿಸಲು ಬರುವುದಿಲ್ಲ. ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆದು ನಿವೃತ್ತನಾದವನು ನಾನು. ಮೊದಲ ಹದಿನೆಂಟು ವರ್ಷ ಬರೆದದ್ದು ನಾನೋ ನನ್ನೊಳಗಿನ ಬ್ರಾಂದಿಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಕ್ಷರವಂತೂ ಎರಡು ಕಾಲದಲ್ಲೂ ದುಂಡಗೇ ಇತ್ತು.

ನಮ್ಮ ಕಡೆಯ ಒಂದು ಕೋರ್ಟಿನಲ್ಲಿ, ಕುಡಿದು ಮೊದಲ ಸಲ ಹೊಡೆದಾಡಿ ಸಿಕ್ಕಿಬಿದ್ದವರನ್ನು ನೇರ ಜೈಲಿಗೆ ತಳ್ಳುವುದಿಲ್ಲ. ಕುಡಿತ ಬಿಡಿಸುವ ಶಿಬಿರ ಮುಗಿಸಿ ಬಂದರೆ, ಸನ್ನಡತೆಯ ಬಾಂಡ್ ಬರೆಸಿಕೊಂಡು ಒಂದು ವರ್ಷ ಹೊರಗೆ ಬಿಟ್ಟು ನೋಡುತ್ತಾರೆ. ಷರತ್ತು ಎರಡು. ಕುಡಿಯಬಾರದು, ಭಾನುವಾರದ ನಮ್ಮ ಸಭೆಗೆ ಮೂರು ತಿಂಗಳಲ್ಲಿ ಕಡಿಮೆಯೆಂದರೆ ಹತ್ತು ಸಲ ಬರಬೇಕು. ತಪ್ಪಿದರೆ ಬಾಂಡ್ ರದ್ದು, ಜೈಲು. ಹೊಸಬನೊಬ್ಬ ಬಂದರೆ, ಅದೇ ದಾರಿಯಲ್ಲಿ ಬಿದ್ದು ಎದ್ದ ಹಳಬನೊಬ್ಬನನ್ನು ಅವನಿಗೆ ಜೊತೆಗಾರನಾಗಿ ಗಂಟುಹಾಕುವುದು ನನ್ನ ಕೆಲಸ. ಜೊತೆಗಾರ ಹಾಜರಿ ಗುರುತು ಹಾಕುತ್ತಾನೆ. ನಾನು ಮೂರು ತಿಂಗಳಿಗೊಮ್ಮೆ ಶುದ್ಧಪ್ರತಿ ಮಾಡಿ ಪ್ರೊಬೇಷನ್ ಅಧಿಕಾರಿ ಮೇಡಂ ಕೈಗೆ ಒಪ್ಪಿಸುತ್ತೇನೆ. ಮದುವೆ ದಲ್ಲಾಳಿಯ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಊಟ ಹಾಕುವುದಿಲ್ಲ.

ಆ ವರ್ಷ ಮಳೆ ಬಿಟ್ಟ ಮೇಲೆ ಕಳಸದ ಕಡೆಯ ಒಬ್ಬ ಜೀಪ್ ಡ್ರೈವರ್ ನಮ್ಮ ಪಾಲಿಗೆ ಬಂದ. ಅಮಲಿನಲ್ಲಿ ಹೆಂಡತಿಯ ತಮ್ಮನ ಕೈ ಮುರಿದಿದ್ದ. ಕೊಟ್ಟಿಗೆಹಾರದಲ್ಲಿ ನಮ್ಮ ಸಭೆ ನಡೆಯುವ ಹಳೇ ಕಾಫಿ ಗೋಡೌನಿನ ಬಾಗಿಲಲ್ಲಿ ನಿಂತು, ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ಅಳೆದ.

"ನಂಗೆ ಬುದ್ಧಿ ಹೇಳೋರು ನೀವಾ ರೈಟ್ರೇ? ನಿಮ್ಮನ್ನ ಮಲ್ಲಂದೂರಲ್ಲಿ ಚರಂಡಿಯಿಂದ ಎತ್ತಿ ಜೀಪಿಗೆ ಹಾಕಿದ್ದು ನಮ್ಮಣ್ಣ."

ಅದು ನಿಜವಾಗಿತ್ತು. ನಿಜ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಅವನ ಮೇಲೆ ನನಗೆ ಅಂದು ಹುಟ್ಟಿದ ದ್ವೇಷ ಇಂದಿಗೂ ಆರೋಗ್ಯವಾಗಿದೆ.

ಆಗ ಪಟ್ಟಿಯಲ್ಲಿ ಖಾಲಿ ಇದ್ದ ಜೊತೆಗಾರ ಒಬ್ಬನೇ. ಮೂಡಿಗೆರೆ ಕಡೆಯ ದೊಡ್ಡ ಎಸ್ಟೇಟೊಂದರಲ್ಲಿ ಆಳುಗಳ ಮೇಲೆ ಮೇಸ್ತ್ರಿಯಾಗಿದ್ದವನು, ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು. ಎಸ್ಟೇಟು ಬಿಟ್ಟರೂ ವಿಸಿಲ್ ಬಿಟ್ಟಿರಲಿಲ್ಲ. ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಗೋಡೌನಿನ ಮುಂದೆ ಊದುತ್ತಿದ್ದ. ಇಬ್ಬರನ್ನೂ ಎದುರುಬದುರು ಕೂರಿಸಿ ಪರಿಚಯ ಮಾಡಿಸಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಸ್ತ್ರಿ ಹೇಳಿದ:

"ಪರಿಚಯ ಉಂಟು ರೈಟ್ರೇ. ಹತ್ತು ವರ್ಷದ ಹಿಂದೆ ಸುರಿಯೋ ಮಳೇಲಿ ನನ್ನನ್ನ ಜೀಪಿಂದ ಇಳಿಸಿ ಹೋದವ ಇವನೇ."

"ಇಳಿಸದೆ? ಮೆಣಸಿನ ಮೂಟೆ ಮೇಲೆ ವಾಂತಿ ಮಾಡಿದೋರನ್ನ ಮುಂದಿನ ಸೀಟಲ್ಲಿ ಕೂರಿಸ್ಬೇಕಿತ್ತಾ?" ಎಂದ ಡ್ರೈವರ್.

ಜೋಡಿ ಬದಲಾಯಿಸೋಣ ಎಂದು ನಾನು ಸಂಧಾನಕ್ಕೆ ಹೊರಟೆ. ಮೇಸ್ತ್ರಿ ಕೈ ಅಡ್ಡ ಹಿಡಿದ. "ಬೇಡ ಮಾರಾಯ್ರೆ. ಒಂದಲ್ಲ ಒಂದಿನ ಕೈಗೆ ಸಿಗ್ತಾನೆ ಅಂತ ಕಾದಿದ್ದೆ. ಈಗ ಕೋರ್ಟೇ ತಂದುಕೊಟ್ಟಿದೆ."

ಆತ್ಮೀಯತೆಯಿಂದ ಆರಂಭವಾಗಬೇಕಾದ ಸಂಬಂಧ ಎಂದು ಮಾರ್ಗಸೂಚಿಯಲ್ಲಿ ಬರೆದಿತ್ತು. ನಾನು ಮಾರ್ಗಸೂಚಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಅಂದಿನಿಂದ ಪ್ರತಿ ಭಾನುವಾರ ಒಂದೇ ನಾಟಕ. ಜೀಪಿನ ಮಾಲೀಕ ಕೀಲಿ ಕಿತ್ತುಕೊಂಡಿದ್ದರಿಂದ ಡ್ರೈವರನಿಗೆ ಬಸ್ಸೇ ಗತಿ. ಆ ಬಸ್ಸು ಕೊಟ್ಟಿಗೆಹಾರ ಮುಟ್ಟುವುದು ಹತ್ತೂ ಇಪ್ಪತ್ತಕ್ಕೆ. ಅದಕ್ಕೂ ಮೊದಲಿನದು ನಸುಕಿನಲ್ಲೇ ಹೊರಡುತ್ತದೆ; ಅದಕ್ಕೆ ಏಳಬೇಕಾದರೆ ತಾನೇನು ಹಾಲು ಮಾರುವವನೇ ಎಂದು ಅವನ ವಾದ. ಅವನು ಒಳಗೆ ಬರುತ್ತಿದ್ದಂತೆ ಮೇಸ್ತ್ರಿ ಎದ್ದುನಿಂತು, "ಊದು" ಎನ್ನುತ್ತಿದ್ದ. ಡ್ರೈವರ್ ಅವನ ಮುಖಕ್ಕೇ ಉಸಿರು ಬಿಡುತ್ತಿದ್ದ. ಮೇಸ್ತ್ರಿ ಕಣ್ಣುಮುಚ್ಚಿ, ಕಾಫಿ ರುಚಿ ನೋಡುವವರ ಗಾಂಭೀರ್ಯದಲ್ಲಿ ಮೂಸಿ, ಏನೂ ಸಿಗದ ನಿರಾಸೆಯಲ್ಲಿ ಪುಸ್ತಕ ತೆರೆದು ಗುರುತು ಹಾಕುತ್ತಿದ್ದ. ಆಮೇಲೆ ಎರಡು ಗಂಟೆ ಸಭೆ. ಅದರಲ್ಲಿ ಇಬ್ಬರೂ ಪರಸ್ಪರರನ್ನು ಉದ್ದೇಶಿಸಿ ಆಡಿದ ಮಾತುಗಳಲ್ಲಿ ಬರೆಯಲು ಯೋಗ್ಯವಾದದ್ದು ಒಂದೂ ಇಲ್ಲ.

ಮೂರು ತಿಂಗಳು ತುಂಬಿದಾಗ ನಾನು ಶುದ್ಧಪ್ರತಿಗೆ ಕೂತೆ. ಎಸ್ಟೇಟಿನಲ್ಲಿ ಬೆಳಗಿನ ವಿಸಿಲ್ ಆದ ಮೇಲೆ ಬಂದ ಆಳಿಗೆ ಅರ್ಧ ದಿನ ಹಾಕುವುದು ರೂಢಿ. ಮೇಸ್ತ್ರಿ ಹದಿಮೂರು ಭಾನುವಾರವೂ ಡ್ರೈವರನ ಹೆಸರಿನ ಮುಂದೆ ಅರ್ಧ ಹಾಕಿದ್ದ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಬೀಳಲಿಲ್ಲ. ಮೂವತ್ತು ವರ್ಷ ನೋಡಿದ ಗುರುತು. ಇನ್ನೊಂದು ರೀತಿಯಲ್ಲಿ ಬರೆದಿದ್ದರೆ ಬಹುಶಃ ಅನುಮಾನ ಬರುತ್ತಿತ್ತು. ಹದಿಮೂರನ್ನೂ ದುಂಡಗೆ ನಕಲು ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕೆಳಗೆ ಗೆರೆ ಎಳೆದು, ಕೂಡಿಸಿ, "ಒಟ್ಟು ಆರೂವರೆ" ಎಂದು ಬರೆದು, ಕೆಂಪು ಶಾಯಿಯಲ್ಲಿ ಎರಡೆರಡು ಅಡಿಗೆರೆ ಹಾಕಿದೆ. ಲೆಕ್ಕ ತಪ್ಪಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಮುಂದಿನ ವಾರ ಕೋರ್ಟಿನಿಂದ ಮೂವರಿಗೂ ಕರೆ ಬಂತು. ಸರ್ಕಾರಿ ವಕೀಲರು ನನ್ನ ಹಾಳೆಯನ್ನು ಎತ್ತಿ ಹಿಡಿದು, ಹತ್ತು ಹಾಜರಿ ಬೇಕಾದಲ್ಲಿ ಆರೂವರೆ ಇದೆ, ಷರತ್ತು ಮುರಿದಿದೆ, ಬಾಂಡ್ ರದ್ದುಮಾಡಿ ಒಳಗೆ ಕಳಿಸಬೇಕು ಎಂದರು. ಡ್ರೈವರನ ಹೆಂಡತಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡರು. "ಸಂಯೋಜಕರೇ, ಒಬ್ಬ ಮನುಷ್ಯ ಆರೂವರೆ ಸಲ ಹೇಗೆ ಬರ್ತಾನೆ?"

"ಎಸ್ಟೇಟಿನಲ್ಲಿ ಬರ್ತಾನೆ ಸ್ವಾಮಿ," ಎಂದೆ. ಹಿಂದೆ ಯಾರೋ ನಕ್ಕರು. ಅರ್ಧ ದಿನದ ರೂಢಿಯನ್ನು ವಿವರಿಸಿದೆ. ವಿವರಿಸಿದಷ್ಟೂ ನಾನು ಬುದ್ಧಿವಂತನಂತೆ ಕಾಣುವುದು ಕಡಿಮೆಯಾಗುತ್ತಾ ಹೋಯಿತು.

ಡ್ರೈವರ್ ಕಟಕಟೆಯಿಂದಲೇ ಕೂಗಿದ: "ಎಲ್ಲ ಸುಳ್ಳು ಸ್ವಾಮಿ! ಒಂದು ವಾರಾನೂ ತಪ್ಸಿಲ್ಲ ನಾನು, ಬಸ್ಸೇ ಹತ್ತೂ ಇಪ್ಪತ್ತಕ್ಕೆ ಬರೋದು. ಈ ಇಬ್ರು ಮುದುಕರು ಸೇರಿ ನನ್ನ ಒಳಗೆ ಹಾಕ್ಸೋಕೆ ಹೊಂಚು ಹಾಕಿದಾರೆ!"

"ಸುಮ್ನಿರಯ್ಯ," ಎಂದ ಜವಾನ.

ಸರ್ಕಾರಿ ವಕೀಲರು ಬಿಡಲಿಲ್ಲ. ತಡವಾಗಿ ಬಂದದ್ದೇಕೆ ಎಂಬುದು ಪ್ರಶ್ನೆ, ಕುಡಿದು ಬಂದಿರಬಹುದಲ್ಲ ಎಂದರು. ಅದನ್ನು ಹೇಳಬಲ್ಲವನು ಮೇಸ್ತ್ರಿ ಒಬ್ಬನೇ. ಅವನನ್ನು ಕರೆದರು. ಬಿಳೀ ಶರ್ಟಿಗೆ ಇಸ್ತ್ರಿ ಹಾಕಿಸಿ, ಜೇಬಲ್ಲಿ ವಿಸಿಲ್ ಇಟ್ಟುಕೊಂಡು ಬಂದಿದ್ದ. ಒಂದು ಸಲ, ಒಂದೇ ಒಂದು ಸಲ ವಾಸನೆ ಇತ್ತು ಎಂದರೆ ಸಾಕು, ಹತ್ತು ವರ್ಷದ ಮಳೆಗೆ ಬಡ್ಡಿ ಸಮೇತ ಉತ್ತರ ಸಿಕ್ಕಂತೆ. ಡ್ರೈವರನಿಗೂ ಅದು ಹೊಳೆಯಿತು. ಕಟಕಟೆಯ ಮರವನ್ನು ಹಿಡಿದುಕೊಂಡು ಮೊದಲ ಸಲ ಬಾಯಿ ಮುಚ್ಚಿದ.

"ಕುಡಿದು ಬರ್ತಿದ್ನಾ?" ನ್ಯಾಯಾಧೀಶರು ಕೇಳಿದರು.

ಮೇಸ್ತ್ರಿ ಡ್ರೈವರನ ಕಡೆ ನಿಧಾನವಾಗಿ ತಿರುಗಿದ. ನೋಡಿದ. ಮತ್ತೆ ಮುಂದೆ ತಿರುಗಿದ.

"ಇಲ್ಲ ಸ್ವಾಮಿ. ಪ್ರತಿ ವಾರ ಬಾಯಿ ಹತ್ರ ಮೂಗಿಟ್ಟು ನೋಡಿದೀನಿ. ಸಾರಾಯಿಯಿಂದ ಹಿಡಿದು ರಮ್ಮಿನ ತನಕ ಕುಡಿದವ ನಾನು, ಈ ಮೂಗಿಗೆ ಮೋಸ ಮಾಡ್ಲಿಕ್ಕೆ ಯಾರಿಂದ್ಲೂ ಆಗೋದಿಲ್ಲ. ಒಂದಿನವೂ ಇರ್ಲಿಲ್ಲ. ಇದ್ದಿದ್ರೆ ಅರ್ಧ ಎಂತಕ್ಕೆ, ಸೊನ್ನೆ ಹಾಕ್ತಿದ್ದೆ. ಖುಷೀಲಿ ಹಾಕ್ತಿದ್ದೆ."

"ಮಧ್ಯದಲ್ಲಿ ಎದ್ದು ಹೋಗ್ತಿದ್ನಾ?"

"ಅದೇ ತೊಂದ್ರೆ ಸ್ವಾಮಿ, ಹೋಗ್ತಿರ್ಲಿಲ್ಲ. ಕೊನೇ ತನಕ ಕೂತು ಬಯ್ತಿದ್ದ."

"ಬಸ್ಸೇ ಹತ್ತೂ ಇಪ್ಪತ್ತಕ್ಕೆ ಬರೋದಂತಲ್ಲ. ಹಾಗಿದ್ದೂ ಅರ್ಧ ಹಾಕಿದ್ದು?"

"ವಿಸಿಲ್ ಆದ್ಮೇಲೆ ಬಂದ್ರೆ ಅರ್ಧ. ಅದು ಬಸ್ಸಿನ ತಪ್ಪು. ಬಸ್ಸಿಗೆ ನಾನು ಜೊತೆಗಾರ ಅಲ್ಲ."

ನ್ಯಾಯಾಧೀಶರು ಸ್ವಲ್ಪ ಹೊತ್ತು ಫೈಲಿನೊಳಗೆ ಮುಖ ಇಟ್ಟುಕೊಂಡಿದ್ದರು. ಓದುತ್ತಿದ್ದರು ಎಂದೇ ನಾನು ನಂಬಿದ್ದೇನೆ. ಆಮೇಲೆ ಆದೇಶವಾಯಿತು. ಹದಿಮೂರೂ ಪೂರ್ಣ ಹಾಜರಿ, ಬಾಂಡ್ ಮುಂದುವರಿಯತಕ್ಕದ್ದು. ಪುಸ್ತಕದಲ್ಲಿ ಇನ್ನು ಹಾಜರು, ಗೈರುಹಾಜರು ಎಂದು ಎರಡೇ ಇರತಕ್ಕದ್ದು. ಸಂಯೋಜಕರು ಕೂಡಿಸುವ ಕೆಲಸಕ್ಕೆ ಕೈಹಾಕತಕ್ಕದ್ದಲ್ಲ. ಕೊನೆಯ ಮಾತು ಬಾಯಲ್ಲಿ ಹೇಳಿದ್ದಷ್ಟೇ, ಬರಹದಲ್ಲಿ ಬರಲಿಲ್ಲ. ಆ ಮಟ್ಟಿಗೆ ನನ್ನ ಮಾನ ಉಳಿಯಿತು.

ಹೊರಗೆ ಮೆಟ್ಟಿಲ ಮೇಲೆ ಯಾರೂ ಯಾರಿಗೂ ಕೃತಜ್ಞತೆ ಸಲ್ಲಿಸಲಿಲ್ಲ. ಡ್ರೈವರನ ಹೆಂಡತಿ ಮಾತ್ರ ಮೇಸ್ತ್ರಿಗೆ ಕೈಮುಗಿದಳು. ಗಂಡ ಅವಳ ಕೈ ಕೆಳಗಿಳಿಸಿದ. "ನಿಮ್ಮ ಉಪಕಾರ ನಂಗೆ ಬೇಡ ಮೇಸ್ತ್ರಿಗಳೇ."

"ಉಪಕಾರ ಯಾರು ಮಾಡಿದ್ದು? ಸುಳ್ಳು ಲೆಕ್ಕ ಹಾಕುವ ಮೇಸ್ತ್ರಿ ನಾನಲ್ಲ. ಒಂದಿನ ಕುಡಿದು ಬಾ, ಆಗ ನೋಡುವ."

"ಕಾಯ್ತಾ ಇರಿ."

"ಕಾಯ್ಲಿಕ್ಕೇ ಕೂತಿದೀನಿ ಮಾರಾಯ."

ಮುಂದಿನ ಭಾನುವಾರ ಗೋಡೌನಿನ ಬೀಗ ತೆಗೆಯಲು ನಾನು ಒಂಬತ್ತಕ್ಕೇ ಹೋದರೆ, ಮೆಟ್ಟಿಲ ಮೇಲೆ ಡ್ರೈವರ್ ಕೂತಿದ್ದ. ಮೊದಲ ಬಸ್ಸಿಗೇ ಬಂದಿದ್ದ. ಮಂಜಿನಲ್ಲಿ ತಲೆಗೂದಲು ಒದ್ದೆಯಾಗಿತ್ತು. ಕಾಫಿ ಕುಡಿಯೋಣ ಬಾ ಎಂದೆ. ನಿಮ್ಮ ಜೊತೆಗೆ ಬೇಡ ಎಂದ. ಹತ್ತಾಯಿತು. ವಿಸಿಲ್ ಇಲ್ಲ. ಹತ್ತೂ ಐದಕ್ಕೆ ಮೇಸ್ತ್ರಿ ಕಾಲೆಳೆಯುತ್ತಾ ಇಳಿಜಾರು ಇಳಿದು ಬಂದ, ಮಂಡಿ ಹಿಡಿದುಕೊಂಡಿತ್ತು.

ಡ್ರೈವರ್ ಎದ್ದುನಿಂತ. ಮೂರು ತಿಂಗಳಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. "ರೈಟ್ರೇ, ಮೇಸ್ತ್ರಿಗಳು ಲೇಟು. ಅರ್ಧ ಹಾಕಿ."

"ಊದು," ಎಂದ ಮೇಸ್ತ್ರಿ.

ಅವನು ಊದಿದ. ಮೇಸ್ತ್ರಿ ಮೂಸಿದ, ಎಂದಿನಂತೆ ನಿರಾಸೆಗೊಂಡ, ಪುಸ್ತಕ ತೆಗೆದು ಹಾಜರು ಎಂದು ಬರೆದ. ನನ್ನ ಕಡೆ ನೋಡಲಿಲ್ಲ. ಆ ಪುಸ್ತಕದಲ್ಲಿ ಜೊತೆಗಾರರ ಹಾಜರಿಗೆ ಜಾಗವೇ ಇರಲಿಲ್ಲ. ಸಭೆ ಮುಗಿದ ಮೇಲೆ ನಾನು ಸ್ಕೇಲು ಇಟ್ಟು, ಬಲಗಡೆಗೆ ಇನ್ನೊಂದು ಗೆರೆ ಎಳೆದೆ.