ಮಿಂಗೊ ಮಾವನ ಎಂಟು ಪೆಟ್ಟಿಗೆ

ಸ್ಯಾಂಟೀ ನದಿಯ ದಂಡೆಯಲ್ಲಿ ನಾನು ಅಂಗಡಿ ಇಟ್ಟಮೇಲೆ, ಹಲಗೆಯನ್ನು ಮೂಸಿ ನೋಡಿ ಕೊಳ್ಳುತ್ತಿದ್ದ ಗಿರಾಕಿ ಒಬ್ಬನೇ, ಮಿಂಗೊ ಫ್ರೇಜಿಯರ್. ಊರಿಗೆಲ್ಲ ಮಿಂಗೊ ಮಾವ. ಸೈಪ್ರೆಸ್ ಹಲಗೆಯನ್ನು ಮೂಗಿಗೆ ಹಿಡಿದು, ಇದು ಕೆಸರಿನ ಮರ, ಇದು ದಿಬ್ಬದ್ದು ಎಂದು ಹೇಳಿಬಿಡುತ್ತಿದ್ದ. ದಿಬ್ಬದ ಹಲಗೆಯನ್ನು ಕೆಸರಿನದೆಂದು ಅವನ ತಲೆಗೆ ಕಟ್ಟಲು ಎರಡು ಸಲ ನೋಡಿ, ಮೂರನೆಯ ಸಲ ಮರ್ಯಾದೆಯಿಂದ ಕೆಸರಿನದನ್ನೇ ಕೊಟ್ಟೆ.

ಅವನು ಹುಟ್ಟಿದ್ದು ಒಡೆಯನೊಬ್ಬನ ಭತ್ತದ ಜಮೀನಿನಲ್ಲಿ, ನನ್ನ ಹಾಗೆಯೇ ಗುಲಾಮನಾಗಿ. ಒಡೆಯನ ಮನೆಯ ಬಡಗಿ. ಅಕ್ಷರ ಕಲಿತರೆ ಚಾಟಿಯೇಟು ಬೀಳುತ್ತಿದ್ದ ಕಾಲ; ನಾನು ಒಡೆಯನ ಸರಕಿನ ಮೂಟೆಗಳ ಮೇಲಿದ್ದ ಬರಹ ನೋಡಿ ಕದ್ದು ಕಲಿತೆ, ಮಿಂಗೊ ಕಲಿಯಲಿಲ್ಲ. ಅವನ ಅಳತೆಯೆಲ್ಲ ಕಚ್ಚು ಕೊರೆದ ಒಂದು ಕೋಲಿನಲ್ಲಿತ್ತು. ಉತ್ತರದವರು ಗೆದ್ದು ಯುದ್ಧ ಮುಗಿದು, ಗುಲಾಮರಿಗೆಲ್ಲ ಬಿಡುಗಡೆಯಾದಾಗ ಅವನಿಗೆ ಮೂವತ್ತನಾಲ್ಕು. ತನ್ನ ಇಷ್ಟದಂತೆ ಮಾಡಿದ ಮೊದಲ ಕೆಲಸವೆಂದರೆ ನಮ್ಮ ಹೊಸ ಶಾಲೆಗೆ ಹನ್ನೆರಡು ಬೆಂಚು. ಅವುಗಳ ಮೇಲೆ ತಾನೊಂದು ದಿನವೂ ಕೂರಲಿಲ್ಲ. ಮಗಳು ಡೊರ್ಕಸ್ ಕೂತಳು, ಕಲಿತಳು, ಅದೇ ಶಾಲೆಗೆ ಟೀಚರಾದಳು. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಮಗಳು ಶಾಲೆಯ ಹಿಂದಿನ ಕೋಣೆಯಲ್ಲೇ ಇದ್ದರು.

ಸಾವಿರದ ಎಂಟುನೂರ ಅರವತ್ತೆಂಟರಲ್ಲಿ ಕರಿಯರಾದ ನಮಗೆ ಮೊದಲ ಸಲ ವೋಟು ಬಂದಾಗ ಮಿಂಗೊ ಒಂಬತ್ತು ಮೈಲಿ ನಡೆದು ಹೋಗಿ ಹಾಕಿದ. ಎಪ್ಪತ್ತಾರರಲ್ಲಿ ನಮ್ಮ ವೋಟು ತಡೆಯಲು ಕೆಂಪು ಅಂಗಿ ತೊಟ್ಟ ಬಿಳಿಯರು ದಾರಿಯ ಎರಡೂ ಕಡೆ ಕುದುರೆ ಮೇಲೆ ಬಂದೂಕು ಹಿಡಿದು ನಿಂತಿದ್ದರು. ಆಗಲೂ ಹೋದ. ನಾನು ಆ ದಿನ ಹೊಟ್ಟೆನೋವೆಂದು ಅಂಗಡಿಯಲ್ಲೇ ಉಳಿದೆ; ಬಂದೂಕಿನ ಸುದ್ದಿಗೂ ನನ್ನ ಹೊಟ್ಟೆಗೂ ಮೊದಲಿನಿಂದ ಹೊಂದಾಣಿಕೆ ಕಡಿಮೆ.

ಎಂಬತ್ತೆರಡಕ್ಕೆ ಅವರು ಬಂದೂಕು ಒಳಗಿಟ್ಟು ಕಾನೂನು ಹೊರತೆಗೆದರು. ಇನ್ನುಮುಂದೆ ಒಂದು ಪೆಟ್ಟಿಗೆಯಲ್ಲ, ಎಂಟು. ಒಂದೊಂದು ಹುದ್ದೆಗೆ ಒಂದೊಂದು. ಪೆಟ್ಟಿಗೆಯ ಮೇಲೆ ಹೆಸರು ಬರೆದಿರುತ್ತದೆ, ಎಂಟು ಚೀಟಿಗಳನ್ನು ಸರಿಯಾದ ಪೆಟ್ಟಿಗೆಗಳಿಗೆ ಹಾಕಬೇಕು. ತಪ್ಪಿದ ಚೀಟಿ ಲೆಕ್ಕಕ್ಕಿಲ್ಲ. ಒಳಗೆ ವೋಟುದಾರನೊಂದಿಗೆ ಬೇರೆ ಯಾರೂ ಮಾತಾಡುವಂತಿಲ್ಲ. ಓದಿ ಹೇಳಬೇಕಾದರೆ ಚುನಾವಣೆ ನಡೆಸುವವರೇ ಹೇಳಬೇಕು. ಕುರಿಗಳ ಲೆಕ್ಕವನ್ನು ತೋಳವೇ ಇಟ್ಟ ಹಾಗೆ ಎಂದು ಕ್ವಾಶ್ ನಕ್ಕ. ಭತ್ತದ ಗದ್ದೆಯ ಹಳೆಯ ಆಳು ಅವನು, ನಗದೆ ಉಸಿರಾಡಲು ಬಾರದವನು.

ನಮಗೆ ಮುಖ್ಯವಾದದ್ದು ಜಿಲ್ಲೆಯ ಪೆಟ್ಟಿಗೆ. ಶಾಲೆಗಳನ್ನು ನೋಡಿಕೊಳ್ಳುವವನು ಅದರಿಂದ ಆರಿಸಿ ಬರಬೇಕಿತ್ತು. ಇದ್ದವನು ನಮ್ಮವನು. ಎದುರಿಗೆ ನಿಂತಿದ್ದವನು, ನದಿಯ ಈಚೆ ಕಡೆ ಶಾಲೆಯೇ ದಂಡ ಎಂದು ಬಹಿರಂಗವಾಗಿ ಹೇಳುತ್ತಿದ್ದ.

ಡೊರ್ಕಸ್ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಓಕ್ ಮರದ ಕೆಳಗೆ ಗಂಡಸರನ್ನು ಕೂರಿಸಿ, ಪೆಟ್ಟಿಗೆಗಳ ಮೇಲೆ ಬರುವ ಎಂಟು ಮಾತನ್ನು ಹಲಗೆಯ ಮೇಲೆ ಬರೆದು, ಇಷ್ಟನ್ನೇ ಗುರುತು ಹಿಡಿಯಿರಿ, ಮೂರು ತಿಂಗಳಿದೆ ಎಂದಳು. ಮೊದಲ ವಾರ ಅರವತ್ತು ಜನ ಬಂದರು. ಕ್ವಾಶನ ಕಣ್ಣಿಗೆ ಆ ಮಾತುಗಳೆಲ್ಲ ಒಂದೇ ಸಾಲಿನಲ್ಲಿ ಹೋಗುವ ಬಾತುಕೋಳಿಗಳಂತೆ ಕಂಡವಂತೆ.

ಅಷ್ಟರಲ್ಲಿ ಚುನಾವಣೆ ನಡೆಸುವ ಕ್ಯಾಪ್ಟನ್ ವಾರ್ಡ್ಲೊ, ಆ ಎಂಟು ಪೆಟ್ಟಿಗೆಗಳನ್ನು ಮಾಡಲು ಮಿಂಗೊ ಮಾವನಿಗೇ ಹೇಳಿ ಕಳಿಸಿದ. ಸುತ್ತಲ ಇಪ್ಪತ್ತು ಮೈಲಿಯಲ್ಲಿ ಮುಚ್ಚಳ ಸರಿಯಾಗಿ ಕೂರಿಸುವವನು ಬೇರೆ ಯಾರೂ ಇರಲಿಲ್ಲ. ಹೆಸರು ಬರೆದ ತಗಡುಗಳೂ ಬಂದವು. ಅವನ್ನು ನೇತುಹಾಕಲು ಹದಿನಾರು ಕೊಕ್ಕೆ ಬೇಕೆಂದು ಮಿಂಗೊ ನನ್ನ ಅಂಗಡಿಗೆ ಬಂದ.

"ತಗಡಿಗೆ ಮೊಳೆ ಸಾಲ್ದೇನೋ?" ಅಂದೆ.

"ಮುಂದಿನ ಸಲಕ್ಕೂ ಬರ್ಲಿ ಅಂತ ಕ್ಯಾಪ್ಟನ್ ಕೊಕ್ಕೇನೇ ಹೇಳವ್ನೆ ಸಾವ್ಕಾರ."

ಮಿತವ್ಯಯ ಒಳ್ಳೆಯದು ಎಂದು ನಗಾಡಿ, ಇದ್ದುದರಲ್ಲಿ ಒಳ್ಳೆಯ ಹಿತ್ತಾಳೆ ಕೊಕ್ಕೆ ಕೊಟ್ಟೆ. ಗಿರಾಕಿ ಕೊಂಡದ್ದನ್ನು ಯಾತಕ್ಕೆ ಬಳಸುತ್ತಾನೆಂದು ಕೇಳದೆ ನಾನು ಸೂಜಿಯನ್ನೂ ಕೊಡುವವನಲ್ಲ. ಅವತ್ತು ಕೇಳಿದೆ, ಉತ್ತರವನ್ನು ಕೇಳಿಸಿಕೊಳ್ಳಲಿಲ್ಲ.

ಮಿಂಗೊ ತಗಡುಗಳನ್ನು ನೇತುಹಾಕಿ, ಮಗಳಿಂದ ಒಂದೊಂದನ್ನೂ ಓದಿಸಿ, ಮುಚ್ಚಳದ ಅಂಚಿನ ಕೆಳಗೆ ಕಣ್ಣಿಗೆ ಕಾಣದ ಹಾಗೆ ಕಚ್ಚು ಕೊರೆದ. ಒಂದನೇ ಪೆಟ್ಟಿಗೆಗೆ ಒಂದು, ಎರಡನೆಯದಕ್ಕೆ ಎರಡು, ಜಿಲ್ಲೆಯದಕ್ಕೆ ಆರು. ಪೆಟ್ಟಿಗೆಗಳನ್ನು ಹೇಗೆ ಹಿಂದೆಮುಂದೆ ಇಟ್ಟರೂ ಹೆಬ್ಬೆರಳು ಆಡಿಸಿದರೆ ಗೊತ್ತಾಗಬೇಕು. ಚೀಟಿಗಳನ್ನು ಅದೇ ಕ್ರಮದಲ್ಲಿ ಜೋಡಿಸಿ ಕೊಟ್ಟರೆ ಮುಗಿಯಿತು. ಸುದ್ದಿ ಹಬ್ಬಿದ ಮರುವಾರ ಓಕ್ ಮರದ ಕೆಳಗೆ ಇಬ್ಬರಿದ್ದರು. ಒಬ್ಬ ಮೀನುಗಾರ ಐಸಮ್, ಇನ್ನೊಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ.

ಡೊರ್ಕಸ್ ನನ್ನ ಅಂಗಡಿಯಲ್ಲೇ ಅಪ್ಪನನ್ನು ಹಿಡಿದಳು. ಕಲಿಯಲು ಬಂದವರನ್ನು ಎಬ್ಬಿಸಿಬಿಟ್ಟೆಯಲ್ಲ ಎಂದು ಕೇಳಿದಳು. ಐವತ್ತು ವರ್ಷದ ಗದ್ದೆಯಾಳುಗಳಿಗೆ ಮೂರು ತಿಂಗಳಲ್ಲಿ ಅಕ್ಷರ ಹತ್ತುತ್ತದೆಯೇ, ನನ್ನ ಕೈ ಇದುವರೆಗೆ ಯಾರಿಗೆ ಮೋಸ ಮಾಡಿದೆ ಎಂದು ಅವನು.

"ಪೆಟ್ಗೆ ಅವ್ರ ಹತ್ರ ಹೋಗುತ್ತೆ ಅಪ್ಪ," ಅಂದಳು ಅವಳು. "ಅಕ್ಷರ ಆದ್ರೆ ನಮ್ಮ ಹತ್ರಾನೇ ಇರ್ತಿತ್ತು."

ಅವನು ಹಲಗೆ ಮೂಸುತ್ತ ನಿಂತ. ನಾನು ಅವನ ಪರ ವಹಿಸಿದೆ. ಹೆಬ್ಬೆರಳಿನ ಉಪಾಯ ನನಗೂ ಬಹಳ ಹಿಡಿಸಿತ್ತು. ಜಾಣತನ ಕಂಡರೆ ವ್ಯಾಪಾರಿ ಕರಗುತ್ತಾನೆ.

ಚುನಾವಣೆ ನಡೆದದ್ದು ನನ್ನ ಅಂಗಡಿಯ ಎದುರಿನ ಹಳೆಯ ಭತ್ತದ ಗಿರಣಿಯಲ್ಲಿ. ಬೆಳಿಗ್ಗೆ ಮೊದಲು ಹೋದವನು ನಾನು. ಪೆಟ್ಟಿಗೆಗಳನ್ನು ಅಡ್ಡಾದಿಡ್ಡಿ ಇಟ್ಟಿದ್ದರು. ತಗಡನ್ನೂ ಓದಿದೆ, ಹೆಬ್ಬೆರಳನ್ನೂ ಆಡಿಸಿದೆ; ಎಂಟಕ್ಕೆ ಎಂಟೂ ತಾಳೆಯಾದವು. ಹೊರಗೆ ಬಂದು, ಮಾವನ ಕೈ ಸರಿಯಾಗಿದೆ, ಕಣ್ಣು ಮುಚ್ಚಿಕೊಂಡು ಹೋಗಿ ಎಂದು ಎಲ್ಲರಿಗೂ ಹೇಳಿ ಕಳಿಸಿದೆ.

ನಮ್ಮವರು ಗದ್ದೆಯಿಂದ ಬಂದು ಸೇರುವಷ್ಟರಲ್ಲಿ ಮಧ್ಯಾಹ್ನ. ಬೆಳಗಿನ ಚೀಟಿಗಳನ್ನು ತೆಗೆದು ಕಟ್ಟಿಡಬೇಕು, ಊಟವೂ ಆಗಬೇಕು ಎಂದು ಕ್ಯಾಪ್ಟನ್ ಅರ್ಧ ಗಂಟೆ ಬಾಗಿಲು ಹಾಕಿಸಿದ. ತೆರೆದ ಮೇಲೆ ಒಬ್ಬೊಬ್ಬರೇ ಹೋದರು, ಹೆಬ್ಬೆರಳು ಆಡಿಸಿದರು, ಹಾಕಿದರು, ಮದುವೆಯೂಟ ಮುಗಿಸಿದವರಂತೆ ಹೊರಬಂದರು. ಐವತ್ತೊಂದು ಜನ. ಹಿಂದೆ ಐಸಮ್, ಎಲ್ಲರನ್ನೂ ಕಳಿಸಿ ಕಡೆಯಲ್ಲಿ ಮಿಂಗೊ.

ಐಸಮ್ ಒಳಗೆ ಬಹಳ ಹೊತ್ತು ಮಾಡಿದ. ಹೊರಗೆ ಬಂದವನು ಮಿಂಗೊನ ತೋಳು ಹಿಡಿದುಕೊಂಡ.

"ಮಾವ, ಬೆರಳು ಆರು ಅಂತದೆ, ತಗಡು ಜಿಲ್ಲೆ ಅನ್ನಲ್ಲ. ಒಂದೂ ತಾಳೆ ಆಗಲ್ಲ. ನಾನು ಓದ್ಕೊಂಡು ಹಾಕ್ದೆ."

ಕೊಕ್ಕೆಯಿಂದ ತಗಡು ತೆಗೆದು ಇನ್ನೊಂದಕ್ಕೆ ಹಾಕಲು ಎಷ್ಟು ಹೊತ್ತು ಬೇಕು. ಕಚ್ಚಿನ ಗುಟ್ಟು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಕ್ವಾಶ್ ಎಲ್ಲರ ಮುಖ ನೋಡಿದ. ಅವತ್ತು ಅವನಿಗೂ ನಗು ಬರಲಿಲ್ಲ.

ಮಿಂಗೊ ಆದರೂ ಒಳಗೆ ಹೋದ. ಮುಚ್ಚಳ ಬಹಳ ಚೆನ್ನಾಗಿ ಕೂತಿದೆಯೆಂದು ಕ್ಯಾಪ್ಟನ್ ಹೊಗಳಿದನಂತೆ. ಬೇಕಾದರೆ ಓದಿ ಹೇಳುತ್ತೇನೆ ಎಂದನಂತೆ. ಎಂಟು ಚೀಟಿಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಮಾವ ಹೊರಗೆ ಬಂದ. ಐವತ್ತೊಂದು ಜನರ ಚೀಟಿಗಳನ್ನು ಸಂಜೆ ಗಿರಣಿಯ ಹಿಂದೆ ಸುಟ್ಟರು.

ಶಾಲೆಯೇ ದಂಡ ಎಂದವನು ಗೆದ್ದ, ಕ್ರಿಸ್‌ಮಸ್ ಕಳೆದದ್ದೇ ಶಾಲೆ ಮುಚ್ಚಿತು. ಡೊರ್ಕಸ್ ಸವಾನ್ನಾ ಪಟ್ಟಣಕ್ಕೆ ಹೋಗಿ ಯಾರದೋ ಮನೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಹೋಗುವಾಗ ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಹಿಂದಿನ ಕೋಣೆ ಖಾಲಿ ಮಾಡಿಸಿದರು, ಮಿಂಗೊ ಹೊಳೆಯಾಚೆಯ ಗುಡಿಸಿಲಿಗೆ ಹೋದ.

ಅಲ್ಲಿಂದ ದೋಣಿಯಲ್ಲಿ ಬಂದು, ನನ್ನ ಅಂಗಡಿಯ ಸೋಪಿನ ಖಾಲಿ ಪೆಟ್ಟಿಗೆಗಳ ಮುಂದೆ ಕೂತು, ಆ ಎಂಟು ಮಾತುಗಳನ್ನು ಬರೆದು ತೋರಿಸು ಎಂದ. ಸೀಮೆಸುಣ್ಣದಲ್ಲಿ ಬರೆದೆ. ದಿನಾ ಅಳಿಸಿ ಜಾಗ ಬದಲಿಸಿ ಬರೆಯುತ್ತಿದ್ದೆ. ಹಲಗೆ ಮೂಸುತ್ತಿದ್ದ ಮನುಷ್ಯ ಅಕ್ಷರಗಳ ಹತ್ತಿರವೂ ಮೂಗು ಒಯ್ಯುತ್ತಿದ್ದ. ಕಲಿಯಲು ಒಂದೂವರೆ ವರ್ಷ ಹಿಡಿಯಿತು.

ಎಂಬತ್ತನಾಲ್ಕರ ಚುನಾವಣೆಗೆ ಎಲ್ಲರಿಗಿಂತ ಮೊದಲು ಬಂದು ನಿಂತ. ಕ್ಯಾಪ್ಟನ್ ಅವನ ನೋಂದಣಿ ಪತ್ರವನ್ನು ತಿರುವಿ ನೋಡಿ, ಇದರಲ್ಲಿ ಶಾಲೆಯ ಕೋಣೆಯ ವಿಳಾಸವಿದೆ, ನೀನೀಗ ಹೊಳೆಯಾಚೆ ಇದ್ದೀಯಲ್ಲ ಎಂದ. ಮನೆ ಬದಲಿಸಿದವರು ಹೊಸ ಪತ್ರ ಮಾಡಿಸಬೇಕಿತ್ತಂತೆ. ಅದರ ಗಡುವು ಬೇಸಿಗೆಯಲ್ಲೇ ಮುಗಿದಿತ್ತಂತೆ. ಕಾನೂನು, ತಾನೇನು ಮಾಡಲಿ ಎಂದ. ಆ ಪತ್ರವನ್ನು ನಾನೂ ನೋಡಿದ್ದೆ. ಓದು ಬರುವವನು ನಾನು. ಎಂಟು ಮಾತು ಕಲಿಸುವ ಸಂಭ್ರಮದಲ್ಲಿ ಉಳಿದದ್ದನ್ನು ಓದಲಿಲ್ಲ.

ಮಿಂಗೊ ಜಗಳವಾಡಲಿಲ್ಲ. ಬಾಗಿಲಲ್ಲೇ ನಿಂತು ಒಳಗೆ ದಿಟ್ಟಿಸಿದ. ಆಮೇಲೆ ಎಡಗಡೆಯಿಂದ ಒಂದೊಂದೇ ತಗಡನ್ನು, ಅವರು ಇಟ್ಟಿದ್ದ ಅಡ್ಡಾದಿಡ್ಡಿ ಕ್ರಮದಲ್ಲೇ, ಜೋರಾಗಿ ಓದಿದ. ಎಂಟನ್ನೂ. ಒಂದೂ ತಪ್ಪಲಿಲ್ಲ. ಓದಿ ಮುಗಿಸಿ, ಟೊಪ್ಪಿ ಸರಿಮಾಡಿಕೊಂಡು ದೋಣಿಯ ಕಡೆ ನಡೆದ.

ಮರುವರ್ಷ ಜ್ವರದಲ್ಲಿ ತೀರಿಕೊಂಡ. ಶವಪೆಟ್ಟಿಗೆ ಮಾಡಲು ಬೇರೆ ಊರಿನಿಂದ ಬಡಗಿಯನ್ನು ಕರೆಸಿದೆವು. ಮುಚ್ಚಳ ಸರಿಯಾಗಿ ಕೂರಲಿಲ್ಲ. ಮಿಂಗೊ ಮಾಡಿದ ಎಂಟು ಪೆಟ್ಟಿಗೆಗಳು ಮಾತ್ರ ಈಗಲೂ ಪ್ರತಿ ಚುನಾವಣೆಗೆ ಎದುರಿನ ಗಿರಣಿಗೆ ಬರುತ್ತವೆ. ಕೊಕ್ಕೆಗಳಲ್ಲಿ ಒಂದೂ ಸಡಿಲವಾಗಿಲ್ಲ. ನಾನು ಒಳ್ಳೆಯ ಮಾಲನ್ನೇ ಕೊಟ್ಟಿದ್ದೆ.