ಓಝೋನ್ ಪೆಟ್ಟಿಗೆಯಲ್ಲಿಟ್ಟ ನಿಮ್ಮ ಗಾಜು

ಸುನಂದಕ್ಕ, ಅಂದು ಎಲ್ಲಕ್ಕಿಂತ ಹೆಚ್ಚು ಬೆಳಗಿದ ನಿಮ್ಮ ಗಾಜನ್ನು ಓಝೋನ್ ಪೆಟ್ಟಿಗೆಯೊಳಗೆ ಇಟ್ಟವಳು ನಾನು. ನೀವು ಕೇಳಿದಾಗ ಇಲ್ಲವೆಂದೆ. ನನ್ನ ಡಾಕ್ಟರೇಟ್ ನಿಂತಿರುವುದು ಆ ಸುಳ್ಳಿನ ಮೇಲೆ.

ನಿಮಗೆ ಗೊತ್ತಿರುವುದನ್ನೂ ಬಿಡದೆ ಹೇಳುತ್ತೇನೆ. ಇಲ್ಲದಿದ್ದರೆ ಮತ್ತೆ ನುಣುಚಿಕೊಂಡೇನು. ನಾಗಪುರದ ಆ ಪ್ರಯೋಗಾಲಯದಲ್ಲಿ ನಮ್ಮಿಬ್ಬರದೂ ಒಂದೇ ಮೇಜು, ಕನ್ನಡದವರೂ ನಾವಿಬ್ಬರೇ. ಫೋನಿನಲ್ಲಿರುವಂಥ, ತಾನೇ ಬೆಳಗುವ ಪರದೆಯ ಗಾಜು ನಮ್ಮ ಕೆಲಸ. ಗಾಜಿನ ಮೇಲೆ ವಿದ್ಯುತ್ ಹರಿಯುವ, ಕಣ್ಣಿಗೆ ಕಾಣದ ತೆಳು ಪದರ. ಅದರ ಮೈಯನ್ನು ಹೇಗೆ ಹದಗೊಳಿಸಿದರೆ ಬೆಳಕು ಹೆಚ್ಚುತ್ತದೆ — ಇದೇ ಪ್ರಶ್ನೆ. ನೀವು ಆಮ್ಲದಲ್ಲಿ ಅದ್ದುತ್ತಿದ್ದಿರಿ, ನಾನು ಪೆಟ್ಟಿಗೆಯಲ್ಲಿಟ್ಟು ಓಝೋನ್ ತಾಗಿಸುತ್ತಿದ್ದೆ.

ಆ ಮಧ್ಯಾಹ್ನ ಒಂದೊಂದು ಗಾಜನ್ನು ಒಂದೊಂದು ಹೊತ್ತು ಅದ್ದಿ, ಒಣಗಿಸಿ, ನನ್ನ ವಶಕ್ಕೆ ಬಿಟ್ಟು ಸಿವಿಲ್ ಲೈನ್ಸ್‌ಗೆ ಏನೋ ಕೆಲಸವೆಂದು ಹೋದಿರಿ. ನನ್ನ ಪೆಟ್ಟಿಗೆಯಲ್ಲಿ ಒಂದು ಗಾಜಿನಷ್ಟು ಜಾಗ ಉಳಿದಿತ್ತು. ಎರಡೂ ಉಪಚಾರ ಒಂದೇ ಗಾಜಿಗೆ ಆದರೆ? — ಈ ಹುಳು ತಲೆಗೆ ಹೊಕ್ಕಿತು. ಕೇಳಿದ್ದರೆ ನೀವೂ ಒಪ್ಪುತ್ತಿದ್ದಿರಿ. ಕೇಳುವ ತಾಳ್ಮೆ ನನಗಿರಲಿಲ್ಲ; ನಿಮ್ಮದೊಂದನ್ನು ಒಳಗಿಟ್ಟೆ.

ಬೆಳಕು ಕೊಡುವ ಮೇಲಿನ ಪದರಗಳನ್ನೆಲ್ಲ ಕೂರಿಸಿ ವಿದ್ಯುತ್ ಕೊಟ್ಟಾಗ ಆ ಗಾಜೊಂದು ಹಸಿರಾಗಿ ಬೆಳಗಿತು. ಉಳಿದವು ಅದರ ಪಕ್ಕದಲ್ಲಿ ಸಪ್ಪೆ. ನೀವು ನನ್ನತ್ತ ತಿರುಗಿದಿರಿ.

“ಖರೇ ಹೇಳು, ನೀ ಇದಕ್ಕ ಬ್ಯಾರೆ ಏನರ ಮಾಡೀಯೇನವಾ?”

“ಇಲ್ರಿ ಅಕ್ಕಾ.”

ಗುಟ್ಟು ಅದ್ದುವ ಹೊತ್ತಿನಲ್ಲೇ ಇದೆಯೆಂದು ನಂಬಿ ನೀವು ಅದನ್ನೇ ಮತ್ತೆ ಮತ್ತೆ ಮಾಡಿದಿರಿ. ಆ ಬೆಳಕು ಮತ್ತೆ ಬರಲಿಲ್ಲ. ಕೊನೆಗೆ ನಮ್ಮಿಬ್ಬರ ಸಂಶೋಧನೆಯ ಗೈಡ್ ಎಲ್ಲರೆದುರೇ ಹಿಂದಿಯಲ್ಲಿ ಕೇಳಿದರು: “ಆಂಕಡಾ ಬರೋಬರ್ ಥಾ, ಯಾ ಬನಾಯಾ ಥಾ?” ಅಂಕಿ ನಿಜವೋ, ನೀನೇ ಹುಟ್ಟಿಸಿದ್ದೋ ಎಂದು. ನೀವು ಬೀಕರ್ ತೊಳೆದಿಟ್ಟು ಹೊರಟಿರಿ. ಮತ್ತೆ ಬರಲಿಲ್ಲ. ನಾನು ಅಲ್ಲೇ ನಿಂತಿದ್ದೆ.

ಹೆದರಿಕೆಯಿಂದ ಸುಮ್ಮನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ನಿಮ್ಮ ಗಾಜು ಒಂದೊಂದಾಗಿ ಸೋಲುವಾಗ ನಾನು ಕುತೂಹಲದಿಂದ ನೋಡುತ್ತಿದ್ದೆ. ಓಝೋನ್ ಇಲ್ಲದಿದ್ದರೆ ಬೆಳಕಿಲ್ಲ ಎಂಬುದನ್ನು ನೀವೇ ನನಗೆ ತೋರಿಸಿಕೊಡುತ್ತಿದ್ದಿರಿ. ನನಗೆ ಖುಷಿಯಾಗುತ್ತಿತ್ತು, ಅಕ್ಕ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖುಷಿಯಾಗುತ್ತಿತ್ತು. ಆಮೇಲೆ ಆಮ್ಲ, ಅದರ ಹಿಂದೆಯೇ ಓಝೋನ್ ಎಂಬ ವಿಧಾನ ನನ್ನ ಹೆಸರಿನಲ್ಲಿ ಅಚ್ಚಾಯಿತು. ಹೋಲಿಕೆಗೆಂದು ಕೊಟ್ಟ ಮಂಕು ಗಾಜುಗಳೆಲ್ಲ ನಿಮ್ಮವು.

ಇವತ್ತು ಬೆಳಿಗ್ಗೆ ಪ್ರತಾಪ ನಗರದ ತರಕಾರಿ ಅಂಗಡಿಯಲ್ಲಿ ನೀವು ಸಿಕ್ಕಿರಿ. ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆಂದಿರಿ. ನಾನು ಹೊರಡುವಷ್ಟರಲ್ಲಿ, ಕೋಪವೇನೂ ಇಲ್ಲದೆ, ಬರೀ ತಿಳಿಯುವ ಆಸೆಯಿಂದ ಕೇಳಿದಿರಿ:

“ಆ ಒಂದು ಗಾಜು ಯಾಕ ಹಂಗ ಬೆಳಗ್ತು ಅಂತ ನನಗ ಇನ್ನೂ ತಿಳಿದಿಲ್ಲ ನೋಡವಾ. ನಿನಗೇನರ ತಿಳೀತೇನು?”

ನಾಳೆ ಪ್ರಯೋಗಾಲಯದ ಅದೇ ಕೋಣೆಯಲ್ಲಿ, ಎಲ್ಲರೆದುರು, ಗೈಡ್‌ಗೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ತಿಳಿಯಬೇಕೆಂದು ಇದನ್ನು ಬರೆದೆ. ಯಾಕೆಂದರೆ ಬೆಳಿಗ್ಗೆಯೂ ನಾನು ನಿಮ್ಮ ಮುಖ ನೋಡಿಕೊಂಡೇ “ಗೊತ್ತಿಲ್ರಿ ಅಕ್ಕಾ” ಅಂದೆ.