ಕಂಬಣ್ಣನ ಮೂಗಿನ ಪಕ್ಕದ ಗಂಟು

ಚಿತ್ರಕಲಾ ಶಾಲೆಯ ಎರಡನೇ ಮಹಡಿಯಲ್ಲಿ, ದೊಡ್ಡ ಕಿಟಕಿಯ ಪಕ್ಕ, ಒಂದಡಿ ಎತ್ತರದ ಹಲಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೂರುವುದು ಅವರ ಕೆಲಸ. ನಲವತ್ತು ನಿಮಿಷ ಕೂರಬೇಕು, ಹತ್ತು ನಿಮಿಷ ಕಾಲಾಡಿಸಬಹುದು, ಮತ್ತೆ ಕೂರಬೇಕು. ಸುತ್ತ ಹದಿನೆಂಟು ವಿದ್ಯಾರ್ಥಿಗಳು ಇದ್ದಿಲ ಕಡ್ಡಿ ಹಿಡಿದು ಅವರ ಮುಖ ಬರೆಯುತ್ತಾರೆ. ಒಮ್ಮೆ ಕೂತರೆಂದರೆ ಮೂಗಿನ ಮೇಲೆ ನೊಣ ಕೂತರೂ ಅಲುಗುವ ಆಸಾಮಿಯಲ್ಲ. ಹಾಗಾಗಿ ವಿದ್ಯಾರ್ಥಿಗಳು ಅವರಿಗೆ ಕಂಬಣ್ಣ ಎಂದು ಹೆಸರಿಟ್ಟಿದ್ದರು. ಈ ಕೆಲಸಕ್ಕೂ ಮುಂಚೆ ಇಪ್ಪತ್ತಾರು ವರ್ಷ ಗೋದಾಮಿನ ಗೇಟಿನಲ್ಲಿ ಕಾವಲು ಕೂತಿದ್ದರು. ಕೆಲಸ ಬದಲಾದದ್ದು ತಮಗೆ ಗೊತ್ತೇ ಆಗಲಿಲ್ಲ ಎನ್ನುತ್ತಿದ್ದರು.

ಅವರ ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾರೆ. ಗಂಡ ಎಲ್ಲಿ ಕೆಲಸ ಮಾಡುತ್ತಾರೆಂದು ಯಾರಾದರೂ ಕೇಳಿದರೆ "ಶಾಲೆಯಲ್ಲಿದ್ದಾರೆ" ಎನ್ನುತ್ತಿದ್ದರು. ಕೇಳಿದವರು ಮೇಷ್ಟ್ರು ಅಂದುಕೊಂಡರೆ ಅದು ಅವರ ಪಾಡು. ಗಂಡ ಅಲ್ಲಿ ಕೂರತೊಡಗಿದ ಒಂಬತ್ತು ವರ್ಷದಲ್ಲಿ ಆಕೆ ಒಂದು ದಿನವೂ ಆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ಒಂದು ಸೋಮವಾರ ಬಿಡುವಿನಲ್ಲಿ ಮೂರನೇ ವರ್ಷದ ಹುಡುಗಿಯೊಬ್ಬಳು ಹತ್ತಿರ ಬಂದಳು. "ಕಂಬಣ್ಣ, ನಿಮ್ಮ ಮೂಗಿನ ಪಕ್ಕದ ಉಬ್ಬು ಹೋದ ವರ್ಷಕ್ಕಿಂತ ದೊಡ್ಡದಾಗಿದೆ. ನೆರಳು ಕೆನ್ನೆವರೆಗೂ ಬೀಳ್ತಿದೆ."

"ಯಾವ ಉಬ್ಬು?" ಎಂದರು ಅವರು.

ಮುಟ್ಟಿ ನೋಡಿದರೆ ಬಲ ಹೊಳ್ಳೆಯ ಪಕ್ಕದಲ್ಲಿ ಬಟಾಣಿ ಕಾಳಿನಷ್ಟು ಗಂಟು. ಗಟ್ಟಿ, ನೋವಿಲ್ಲ, ಒತ್ತಿದರೆ ಚರ್ಮದಡಿ ಸ್ವಲ್ಪ ಜಾರುತ್ತದೆ. ಗಡ್ಡ ಕೆರೆಯುವಾಗ ಕೈಗೆ ಸಿಗುತ್ತಿತ್ತು. ಅದೂ ಮೂಗೇ ಎಂದುಕೊಂಡಿದ್ದರು.

ಮನೆಗೆ ಹೋಗಿ ಹೇಳಿದಾಗ ಹೆಂಡತಿ, "ನಂಗೊತ್ತಿತ್ತು. ನೀವೇ ಹೇಳ್ತೀರೇನೋ ಅಂತ ಕಾದೆ" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಟನ್ನು ಒತ್ತಿ ನೋಡಿ, ಎಷ್ಟು ದಿನದಿಂದ ಇದೆ ಎಂದು ಕೇಳಿದರು.

"ಐದು ದಿನ" ಎಂದರು ಗಂಡ. "ಎರಡು ವರ್ಷ" ಎಂದರು ಹೆಂಡತಿ.

"ಸರಿಯಾಗಿ ಹೇಳಬೇಕು. ಬೇಗ ಬೆಳೆದಿದ್ರೆ ಹೆಚ್ಚು ಚಿಂತೆ, ನಿಧಾನವಾಗಿ ಬೆಳೆದಿದ್ರೆ ಕಡಿಮೆ. ಹಳೇ ಫೋಟೋ ಇದೆಯಾ?"

"ಹತ್ತಿರದಿಂದ ತೆಗೆದ ಫೋಟೋ ಇಲ್ಲ. ಬರೆದ ಚಿತ್ರ ಇದೆ."

"ಎಷ್ಟಿದೆ?"

ಕಂಬಣ್ಣ ಯೋಚಿಸಿದರು. "ಸಾವಿರ ದಾಟಿರಬಹುದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಮರುದಿನ ಗಂಡ ಹೆಂಡತಿ ಇಬ್ಬರೂ ಶಾಲೆಗೆ ಹೋದರು. ಚಿತ್ರದ ಮೇಷ್ಟ್ರು ಬೀರು ತೆಗೆದು ಕಟ್ಟುಗಳನ್ನು ನೆಲಕ್ಕಿಳಿಸಿ ತಾವೇ ಆರಿಸತೊಡಗಿದರು. "ಇದು ಬೇಡ, ಇವನಿಗೆ ಮೂಗೇ ಬರ್ತಿರಲಿಲ್ಲ. ಇದೂ ಬೇಡ, ಇವಳು ಎಲ್ಲರನ್ನೂ ಚೆಂದ ಮಾಡಿಬಿಡ್ತಿದ್ಲು." ಪ್ರತಿ ಹಾಳೆಯ ಮೂಲೆಯಲ್ಲೂ ತಾರೀಕಿತ್ತು. ಮೊದಲ ಎರಡು ವರ್ಷದ ಮುಖಗಳಲ್ಲಿ ಏನೂ ಇಲ್ಲ. ಮೂರನೇ ವರ್ಷ ಸಾಸಿವೆಯಷ್ಟು ಚುಕ್ಕಿ. ಆರನೇ ವರ್ಷ ಅದಕ್ಕೊಂದು ನೆರಳು. ಒಬ್ಬ ಮಾತ್ರ ಮರ್ಯಾದೆಗೆಂದು ಗಂಟನ್ನು ಬಿಟ್ಟು ಬರೆದಿದ್ದ. ಪಕ್ಕದಲ್ಲಿ ಮೇಷ್ಟ್ರ ಕೆಂಪು ಅಕ್ಷರ: "ಇದ್ದದ್ದನ್ನು ಬರಿ."

ಹೆಂಡತಿ ನೆಲದ ಮೇಲೆ ಕೂತು ಒಂದೊಂದೇ ಹಾಳೆ ತಿರುವಿದರು. ಒಂದರ ಹತ್ತಿರ ಕೈ ನಿಂತಿತು.

"ಇದು ಮಗಳ ಮದುವೆಯಾದ ವಾರ. ಅಳ್ತಿದ್ರಾ?"

"ಅಲುಗಾಡಲಿಲ್ಲ."

"ಅದನ್ನಲ್ಲ ನಾನು ಕೇಳಿದ್ದು. ಮನೇಲಿ ಏನೂ ಆಗದವರ ಥರ ಇದ್ರಲ್ಲ!"

"ಮನೇಲಿ ಕೆಲಸ ಇತ್ತು. ಇಲ್ಲಿ ಸುಮ್ನೆ ಕೂತಿರೋದು ತಾನೆ."

ಆಕೆ ಆ ಹಾಳೆಯನ್ನು ಬೇರೆ ಹಾಳೆಗಳ ಜೊತೆ ಸೇರಿಸದೆ ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಮೇಷ್ಟ್ರು ನೋಡಿಯೂ ನೋಡದವರಂತೆ ಇನ್ನೊಂದು ಕಟ್ಟು ಬಿಚ್ಚಿದರು.

ಆಸ್ಪತ್ರೆಯ ಮಂಚದ ಮೇಲೆ ಹನ್ನೊಂದು ಕಂಬಣ್ಣಂದಿರು ಸಾಲಾಗಿ ಮಲಗಿದರು. ಹನ್ನೆರಡನೆಯವರು ಪಕ್ಕದಲ್ಲಿ ನಿಂತಿದ್ದರು. ಡಾಕ್ಟರಮ್ಮ ಅಳತೆಪಟ್ಟಿ ಇಟ್ಟು ನೋಡಿ, ನಿಧಾನವಾಗಿಯೇ ಬೆಳೆದಿದೆ ಎಂದರು. ಸೂಜಿ ಚುಚ್ಚಿ ಗಂಟಿನಿಂದ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ಫಲಿತಾಂಶ ನೋಡಿ ವಿವರಿಸಿದರು: ಇಂಥ ಗಂಟು ಸಾಮಾನ್ಯವಾಗಿ ಏಳುವುದು ಕಿವಿಯ ಬುಡದ ಜೊಲ್ಲಿನ ಗ್ರಂಥಿಯಲ್ಲಿ. ಅಪರೂಪಕ್ಕೆ ಅದೇ ಜಾತಿಯದು ಚರ್ಮದ ಬೆವರಿನ ಗ್ರಂಥಿಯಿಂದಲೂ ಏಳುತ್ತದೆ, ಮೂಗಿನ ಪಕ್ಕ, ಮೇಲ್ದುಟಿ, ಹುಬ್ಬು, ಹೀಗೆ. ಹೆಚ್ಚಿನಂಶ ನಿರಪಾಯ. ಆದರೂ ಪೂರ್ತಿ ತೆಗೆಯಬೇಕು, ಚೂರು ಉಳಿದರೂ ಮತ್ತೆ ಬರಬಹುದು.

"ಜೊಲ್ಲಿನ ಗಂಟಿಗೆ ಮೂಗಿನ ಹತ್ರ ಏನು ಕೆಲಸ?" ಎಂದರು ಹೆಂಡತಿ.

"ವಿಳಾಸ ತಪ್ಪಿದೆ ಅಂದ್ಕೊಳ್ಳಿ" ಎಂದರು ಡಾಕ್ಟರಮ್ಮ.

ಆಪರೇಷನ್ ದಿನ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. "ಮುಕ್ಕಾಲು ಗಂಟೆ ಅಲುಗಾಡಬಾರದು, ಆಗುತ್ತಾ?" ಎಂದು ನರ್ಸ್ ಕೇಳಿದಳು. ಬಾಗಿಲಲ್ಲಿದ್ದ ಹೆಂಡತಿಗೆ ಅಷ್ಟು ದಿನದಲ್ಲಿ ಮೊದಲ ಸಲ ನಗು ಬಂತು. ಆದರೆ ತೆಗೆದ ಗಂಟಿನ ವರದಿ ಬರುವವರೆಗಿನ ಹತ್ತು ದಿನ ಕಂಬಣ್ಣ ಕಂಬದ ಹಾಗಿರಲಿಲ್ಲ. ಅಡುಗೆಮನೆಗೂ ಬಾಗಿಲಿಗೂ ಓಡಾಡಿದರು, ಕೆಟ್ಟಿರದ ನಲ್ಲಿಯನ್ನು ರಿಪೇರಿ ಮಾಡಿ ಕೆಡಿಸಿದರು. ಹೆಂಡತಿ ಲಾಂಡ್ರಿಗೆ ರಜೆ ಹಾಕಿ ಜೊತೆಗೇ ಇದ್ದರು. ಹನ್ನೊಂದನೇ ದಿನ ವರದಿ ಬಂತು: ಗಂಟು ನಿರಪಾಯ, ಪೂರ್ತಿ ಹೊರಗೆ ಬಂದಿದೆ. ಅವರು ಅದನ್ನು ಎರಡು ಸಲ ಓದಿಸಿ ಕೇಳಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಏಳಲೇ ಇಲ್ಲ. ಹೆಂಡತಿಯೂ ಏಳಿಸಲಿಲ್ಲ.

ಮೂರು ವಾರದ ಮೇಲೆ ಮತ್ತೆ ಕೆಲಸಕ್ಕೆ ಹೋದರು. ಮೂಗಿನ ಪಕ್ಕ ಸಣ್ಣ ಗೆರೆಯಷ್ಟೇ ಉಳಿದಿತ್ತು. ಬರೆಯಲು ಕಷ್ಟವಾಯಿತೆಂದು ಹಳಬರು ಗೊಣಗಿದರು. ಈಗ ಶನಿವಾರ ಮಧ್ಯಾಹ್ನ ಹೆಂಡತಿಯೂ ಬಂದು ಹಿಂದಿನ ಸ್ಟೂಲಿನ ಮೇಲೆ ಕೂರುತ್ತಾರೆ. ಒಂದು ದಿನ ಮೇಷ್ಟ್ರು, "ಅಮ್ಮಾ, ನೀವೂ ಒಂದು ಸಲ ಕೂತು ನೋಡಿ" ಎಂದು ಹಲಗೆ ಹತ್ತಿಸಿದರು. ಇಪ್ಪತ್ತು ನಿಮಿಷದಲ್ಲಿ ಆಕೆ ಸೆರಗು ಸರಿಮಾಡಿಕೊಂಡರು, ಕಿಟಕಿ ಯಾಕೆ ಒರೆಸಿಲ್ಲ ಎಂದು ಕೈಯೆತ್ತಿ ಕೇಳಿದರು, ಮುಂದಿನ ಸಾಲಿನ ಹುಡುಗನ ಅಂಗಿಯ ಸುಕ್ಕನ್ನು ಬೆರಳು ಮಾಡಿ ತೋರಿಸಿದರು. ಆ ದಿನದ ಹದಿನೆಂಟು ಚಿತ್ರಗಳಲ್ಲಿ ಏಳರಲ್ಲಿ ಆಕೆಗೆ ಮೂರು ಕೈ ಬಂದಿದ್ದವು.